ಖಾಲಿ ಜಾರಿನ ಸಪ್ಪಳ

ಸೌಂದರ್ಯಾಳ ಮನೆಯ ಮಿಕ್ಸಿ ಸುಟ್ಟುಹೋದದ್ದು ಬೆಟಗೇರಿಯ ಆ ಓಣಿಗೆಲ್ಲ ಗೊತ್ತಾಯಿತು. ಗೊತ್ತಾಗದೆ ಏನು? ವಾರದಲ್ಲಿ ಎರಡು ಮೂರು ಸಲ ಓಣಿ ಅದುರುವ ಹಾಗೆ ಒದರುತ್ತಿದ್ದ ಯಂತ್ರ ಒಮ್ಮೆಲೇ ಬಾಯಿ ಮುಚ್ಚಿಕೊಂಡಿತ್ತು. ಎದುರುಮನೆಯ ಗವಿಸಿದ್ದಪ್ಪ ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತ, "ಏನವಾ ಸೌಂದರ್ಯಾ, ಚಟ್ನಿ ಅರಿಯೂದು ಬಂದ್ ಆತೇನು?" ಎಂದು ಕೇಳಿ ತಾನೇ ನಕ್ಕ. ಅವಳು ನಗಲಿಲ್ಲ. ಆ ಮಿಕ್ಸಿಯಲ್ಲಿ ಚಟ್ನಿ ಅರೆದದ್ದು ಕಡಿಮೆ. ಅದು ಖಾಲಿ ತಿರುಗಿ ತಿರುಗಿಯೇ ಸುಟ್ಟಿತ್ತು.

ಖಾಲಿ ತಿರುಗಿಸುತ್ತಿದ್ದವನು ಅವಳ ಗಂಡ ಸುನಿಲಕುಮಾರ. ಕೈ ತುರಿಸಿದಾಗ ಆತ ಮೊದಲು ಬಾಗಿಲಿಗೆ ಅಗಳಿ ಹಾಕುವನು. ಆಮೇಲೆ ಅಡುಗೆಮನೆಗೆ ಹೋಗಿ ಬರಿದಾದ ಜಾರು ಏರಿಸಿ ಗೋಡೆಯ ಸ್ವಿಚ್ಚು ಒತ್ತುವನು. ಯಂತ್ರ ಒದರತೊಡಗಿದ ಮೇಲೆ, ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಂತು, ಹೆಂಡತಿಯನ್ನು ಕೂದಲು ಹಿಡಿದು ಎಳೆದುಕೊಳ್ಳುವನು. ಅದರ ನಡುವೆ ಅವಳು ಎಷ್ಟು ಚೀರಿದರೂ ಚೀರಿದ್ದು ಆ ಸಪ್ಪಳದಲ್ಲಿ ಮುಳುಗಿ ಹೋಗುತ್ತಿತ್ತು. ಪಲ್ಯಕ್ಕೆ ಉಪ್ಪು ಹೆಚ್ಚಾಗಿದ್ದರೂ ಏಟು, ಕಡಿಮೆಯಾಗಿದ್ದರೂ ಏಟು, ಸರಿಯಾಗಿದ್ದರೆ ಮೋರೆ ಯಾಕೆ ಹಾಗಿದೆ ಎಂದು ಏಟು. ಅವಳ ಎಡಗೈಯ ಕಿರುಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ದವಾಖಾನೆಯಲ್ಲಿ ಕೇಳಿದಾಗ, ಬಚ್ಚಲಲ್ಲಿ ಜಾರಿ ಬಿದ್ದೆ ಎಂದು ಹೇಳಿದ್ದಳು. ಬಚ್ಚಲಲ್ಲಿ ಬಿದ್ದವರ ಕತ್ತಿನ ಮೇಲೆ ಬೆರಳಿನ ಗುರುತು ಮೂಡುವುದಿಲ್ಲ ಎಂದು ಅಲ್ಲಿಯೂ ಯಾರೂ ಕೇಳಲಿಲ್ಲ.

ಈ ಓಣಿಗೆ ಒಂದು ರೂಢಿ ಇದೆ. ಮನೆಮನೆಗೂ ಕುಣಿಮಗ್ಗ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಮಗ್ಗ, ಇದ್ದ ಕಾಲದಿಂದ ಬಂದದ್ದು. ಗೋಡೆಗೆ ಗೋಡೆ ಹತ್ತಿದ ಮನೆಗಳು. ಬೆಳಗಿನಿಂದ ಹೊತ್ತು ಮುಳುಗುವವರೆಗೆ ಖಟಕ್ ಪಟಕ್ ಎಂದು ಮಗ್ಗ ಬಡಿಯುವ ಸಪ್ಪಳ. ಸಪ್ಪಳ ನಡೆದಿದ್ದರೆ ಆ ಮನೆಯವರು ಆರಾಮ ಇದ್ದಾರೆ ಎಂದರ್ಥ. ಕೆಲಸದ ನಡುವೆ ಒಮ್ಮೆಲೇ ನಿಂತಿತೋ, ಪಕ್ಕದ ಮನೆಯಾಕೆ ತನ್ನ ಲಾಳಿ ಕೆಳಗಿಟ್ಟು, "ಯಾಕ ನಿಂತಿತವಾ?" ಎಂದು ಗೋಡೆಯಾಚೆಯಿಂದ ಕೂಗಬೇಕು. ಎಳೆ ಹರಿಯಿತು ಎಂದೋ ಮತ್ತೇನೋ ಎಂದೋ ಉತ್ತರ ಬಂದರೆ ಸರಿ. ಬರದಿದ್ದರೆ ಎದ್ದು ಹೋಗಿ ನೋಡಬೇಕು. ಮಗ್ಗದ ಕುಣಿಯಲ್ಲೇ ಎದೆ ಹಿಡಿದು ಕುಸಿದ ಎಷ್ಟೋ ಮಂದಿ ಹೀಗೆ ಬದುಕಿಕೊಂಡಿದ್ದಾರೆ. ಒಳ್ಳೆಯ ರೂಢಿಯೇ. ಆದರೆ ಸಪ್ಪಳ ನಡೆದಿರುವಾಗ ಒಳಗೆ ಏನು ನಡೆದಿದೆ ಎಂದು ಕೇಳುವ ರೂಢಿಯನ್ನು ಮಾತ್ರ ಯಾವ ಪುಣ್ಯಾತ್ಮರೂ ಹಾಕಿಕೊಡಲಿಲ್ಲ.

ಅದನ್ನು ಚೆನ್ನಾಗಿ ಅರಿತವನು ಸುನಿಲಕುಮಾರನ ಅಪ್ಪ ವಿಠೋಬಾ. ಹೆಂಡತಿ ಬನಶಂಕರೆವ್ವನನ್ನು ಬಡಿಯಬೇಕಾದಾಗ ಆತ ಮಗನನ್ನು ಮಗ್ಗಕ್ಕೆ ಕೂಡಿಸಿ, "ನಿಲ್ಲಸಬ್ಯಾಡ" ಎನ್ನುತ್ತಿದ್ದ. ಮಗ ನಿಲ್ಲಿಸುತ್ತಿರಲಿಲ್ಲ. ಈಗ ಅವರಿಬ್ಬರೂ ತೀರಿಹೋಗಿ ವರ್ಷಗಳಾದವು. ಮಗ್ಗ ಮಾರಿಹೋಯಿತು. ಮಗ ಲಕ್ಷ್ಮೇಶ್ವರದ ಕಾಳಿನ ಅಡತಿ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ದಿನವೂ ಬಸ್ಸಿಗೆ ಹೋಗಿ ಬರುತ್ತಾನೆ. ಕಲಿತದ್ದನ್ನು ಮಾತ್ರ ಮರೆತಿಲ್ಲ.

ಓಣಿಯಲ್ಲಿ ಉಳಿದದ್ದು ಒಂದೇ ಮಗ್ಗ, ಪಕ್ಕದ ಮನೆಯ ಮುದುಕಿ ಹುಚ್ಚವ್ವನದು. ನಡುವೆ ಒಂದೇ ಗೋಡೆ. ಎರಡು ವರ್ಷದ ಹಿಂದೆ, ತುಟಿ ಒಡೆದು ಬಾಯೆಲ್ಲ ಬಾತಿದ್ದ ಒಂದು ಮುಂಜಾನೆ ಸೌಂದರ್ಯಾ ನಾಚಿಕೆ ಬಿಟ್ಟು ಆಕೆಯ ಮುಂದೆ ನಿಂತು, "ನಿನ್ನೆ ನಾ ಚೀರಿದ್ದು ಕೇಳಸ್ಲಿಲ್ಲೇನ್ರಿ ನಿಮಗ?" ಎಂದು ಕೇಳಿದ್ದಳು. ಹುಚ್ಚವ್ವ ಎಳೆ ಕೂಡಿಸುತ್ತಿದ್ದ ಕೈ ನಿಲ್ಲಿಸಲಿಲ್ಲ, ಮೋರೆಯನ್ನೂ ಎತ್ತಲಿಲ್ಲ.

"ಮಿಕ್ಸಿ ಸಪ್ಪಳದಾಗ ನಮಗೇನೂ ಕೇಳಸಂಗಿಲ್ಲವಾ" ಎಂದಳು.

ಶಿರಹಟ್ಟಿಯ ತವರಿಗೂ ಒಮ್ಮೆ ಓಡಿಹೋಗಿದ್ದಳು. ಅಪ್ಪ ಅಂದಪ್ಪ ಮೂರನೆಯ ದಿನ ತಾನೇ ಬಸ್ಸು ಹತ್ತಿಸಿಕೊಂಡು ಬಂದು, ಅಳಿಯನ ಮುಂದೆ ಕೈಮುಗಿದು, ಮಗಳನ್ನು ಬಿಟ್ಟುಹೋದ. ಆ ದಿನ ಮಿಕ್ಸಿ ಒದರಿದಷ್ಟು ಮತ್ತೆಂದೂ ಒದರಲಿಲ್ಲ. ಅವಳು ಮತ್ತೆ ತವರಿನ ಹೆಸರೆತ್ತಲಿಲ್ಲ.

ಇಂಥ ಮಿಕ್ಸಿ ಸುಟ್ಟಾಗ ಅವಳಿಗೆ ಹಬ್ಬವಾಗಬೇಕಿತ್ತು. ಸುಟ್ಟ ತಂತಿಯ ವಾಸನೆ ಮೂಗಿಗೆ ಬಡಿದಾಗ ನೆಲದ ಮೇಲೆ ಬಿದ್ದುಕೊಂಡೇ ಅವಳು ಒಳಗೊಳಗೆ ಹಿಗ್ಗಿದ್ದಳು. ಆ ಹಿಗ್ಗು ಒಂದು ವಾರವೂ ಉಳಿಯಲಿಲ್ಲ. ಸಪ್ಪಳ ಇಲ್ಲವೆಂದು ಸುನಿಲಕುಮಾರ ಹೊಡೆಯುವುದು ಬಿಡಲಿಲ್ಲ, ಅವಳ ಬಾಯಿಗೆ ಖಣದ ತುಂಡು ತುರುಕಿದ. ಮೊದಲ ಸಲ ಹೇಗೋ ಮೂಗಿನಲ್ಲಿ ಉಸಿರಾಡಿಕೊಂಡಳು. ಎರಡನೆಯ ಸಲ ಮೂಗಿನ ಮೇಲೇ ಗುದ್ದು ಬಿತ್ತು, ರಕ್ತ ಕಟ್ಟಿತು. ಬಾಯಲ್ಲಿ ಬಟ್ಟೆ, ಮೂಗಲ್ಲಿ ರಕ್ತ, ಎದೆಯ ಮೇಲೆ ಅವನ ಮೊಣಕಾಲು. ಕಣ್ಣು ಕತ್ತಲಾಯಿತು. ಎಚ್ಚರವಾದಾಗ ಮೋರೆಯ ಮೇಲೆ ತಂಬಿಗೆ ನೀರು ಸುರಿದಿತ್ತು. ಸುನಿಲಕುಮಾರ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಬೆವರುತ್ತಿದ್ದ. ಅವನಿಗೂ ಅಂಜಿಕೆಯಾಗಿತ್ತು, ಅಂಜಿಕೆ ಹೆಣಕ್ಕೆ, ಹೆಂಡತಿಗಲ್ಲ.

"ಹಿಂಗಾದ್ರ ಒಂದಿನ ಸತ್ತ ಹೋಗ್ತೀಲೇ ನೀ" ಎಂದ, ತಪ್ಪು ಅವಳದೇ ಎನ್ನುವ ಹಾಗೆ. "ನಡಿ, ಐತವಾರ ಗದಗಕ್ಕ ಹೋಗಿ ಒಂದ್ ಚಲೋ ಮಿಕ್ಸಿ ತರೂಣು."

ಐತವಾರ ಮುಂಜಾನೆ ಅವಳು ಮೋರೆಗೆ ಪೌಡರು ಬಳಿದುಕೊಂಡು, ಸೆರಗು ಕತ್ತಿಗೆ ಸುತ್ತಿಕೊಂಡು ಗಂಡನ ಹಿಂದೆ ಹೊರಟಳು. ಗದಗಿನ ಆ ಅಂಗಡಿಯಲ್ಲಿ ಗೋಡೆಯ ಉದ್ದಕ್ಕೂ ಮಿಕ್ಸಿ, ಗ್ರೈಂಡರು ಸಾಲಾಗಿ ನಿಂತಿದ್ದವು. ಯಂತ್ರ ತೋರಿಸಲು ಬಂದ ಹುಡುಗ ಮೊಹಸಿನ, ಮಾತಿನ ಮಲ್ಲ. ಕೊಳ್ಳಲು ಬಂದ ಹಿರಿಯ ಹೆಂಗಸೊಬ್ಬಳು ಅಲ್ಲೇ ಸ್ಟೂಲಿನ ಮೇಲೆ ಕುಳಿತಿದ್ದಳು. ಆಕೆಯನ್ನು ಮೊಹಸಿನ ಚಿಕ್ಕಮ್ಮನನ್ನು ಕರೆಯುವ ಹಾಗೆ ಅಮೀನಬಿ ಖಾಲಾ ಎಂದು ಕರೆಯುತ್ತಿದ್ದ.

"ಇದನ್ನ ನೋಡ್ರಿ ಸರ್" ಎಂದು ಮೊಹಸಿನ ಎಲ್ಲದಕ್ಕಿಂತ ದೊಡ್ಡದನ್ನು ಮುಂದಕ್ಕೆಳೆದ. ಗಿಡ್ಡ ಕರಿಯ ಕಲ್ಲಿನ ಹಾಗಿದ್ದ ಬುಡ, ಅದರ ಮೇಲೆ ಗಾಜಿನ ಹಾಗೆ ಹೊಳೆಯುವ ಉದ್ದನೆಯ ಜಾರು. "ಇದು ಮಿಕ್ಸಿ ಅಲ್ರಿ, ಬ್ಲೆಂಡರ್. ಬ್ಯಾರೆ ಮಿಕ್ಸಿ ಐದು ನಿಮಿಷಕ್ಕ ಬಿಸಿ ಆಗ್ತಾವು, ಇದು ಅರ್ಧಾ ತಾಸು ಒಂದ ಸವನ ತಿರಗಲಿ, ಏನೂ ಆಗಂಗಿಲ್ಲ. ಹದಿನೆಂಟು ಸಾವಿರ ಅಂದ್ರ ಸುಮ್ನ ಅಲ್ರಿ."

ಒಣ ಅರಿಷಿಣದ ಕೊಂಬು ಹಾಕಿ ಗುಂಡಿ ತಿರುವಿದ. ಅಂಗಡಿ ಅದುರಿತು. ಅಮೀನಬಿ ಕಿವಿ ಮುಚ್ಚಿಕೊಂಡಳು. ಸೌಂದರ್ಯಾಳ ಕಾಲು ತಾವೇ ಎರಡು ಹೆಜ್ಜೆ ಹಿಂದೆ ಸರಿದವು, ಕೈ ತಾನೇ ಮೋರೆಗೆ ಅಡ್ಡ ಬಂತು. ನಾಯಿಗೆ ಕಲ್ಲು ಕಂಡ ಹಾಗೆ ಅವಳ ಮೈಗೆ ಆ ಸಪ್ಪಳದ ಅರ್ಥ ಗೊತ್ತಿತ್ತು. ಸುನಿಲಕುಮಾರ ಅದನ್ನು ನೋಡಿ ಮುಗುಳ್ನಕ್ಕ. ಸಪ್ಪಳದ ಮರೆಯಲ್ಲೇ ಅವಳ ಸೊಟ್ಟ ಕಿರುಬೆರಳನ್ನು ಹಿಡಿದು ಹಿಂದಕ್ಕೆ ಬಗ್ಗಿಸಿದ. ಅವಳು ಚೀರಿದಳು. ಎರಡು ಮೊಳ ದೂರದಲ್ಲಿ ನಿಂತ ಮೊಹಸಿನನಿಗೆ ಕೇಳಲಿಲ್ಲ.

ಯಂತ್ರ ನಿಂತಿತು. ಬೆರಳೂ ಬಿಡುಗಡೆಯಾಯಿತು.

"ಖರೆ ಹೇಳ್ತೀನ್ರಿ ಸರ್, ಸಪ್ಪಳ ಒಂಚೂರು ಜಾಸ್ತಿ ಐತಿ" ಎಂದು ಮೊಹಸಿನ ತಲೆ ಕೆರೆದುಕೊಂಡ. "ಅದೊಂದ ಇದರ ದೋಷ. ಸಪ್ಪಳ ಬ್ಯಾಡಂದ್ರ ಅಲ್ಲೊಂದು ಮ್ಯಾಲ ಮುಚ್ಚಳ ಇರೂದು ಐತ್ರಿ, ಮಕ್ಕಂಡ ಕೂಸು ಸುದ್ದಾ ಏಳಂಗಿಲ್ಲ."

"ಸಪ್ಪಳ ಇದ್ರ ಇರ್ಲಿ ಬಿಡಪಾ, ನಮಗೇನ್ ಅಡ್ಡಿಲ್ಲ" ಎಂದ ಸುನಿಲಕುಮಾರ. "ಆದ್ರೂ ಈಕಿ ಹೂಂ ಅನ್ಬೇಕು. ಅಡಗಿ ಮಾಡಾಕಿ ಈಕಿ. ಹೇಳ, ತಗೊಳ್ಳೂದೋ ಬ್ಯಾಡೋ?"

"ನಸೀಬ ಚಲೋ ಐತಿ ತಂಗಿ ನಿಂದು" ಎಂದು ಅಮೀನಬಿ ನಿಟ್ಟುಸಿರು ಬಿಟ್ಟಳು. "ನಮ್ಮನ್ನ ಯಾರ್ ಕೇಳ್ತಾರ?"

ಅದೇ ಹೊತ್ತಿಗೆ ಸುನಿಲಕುಮಾರನ ಫೋನು ಬಡಿದುಕೊಂಡಿತು. ಲಕ್ಷ್ಮೇಶ್ವರದ ಸಾವಕಾರ. ಆತ ಮಾತಾಡುತ್ತ ಅಂಗಡಿಯ ಮೆಟ್ಟಿಲಿಳಿದು ಹೊರಗೆ ಹೋದ.

ಸೌಂದರ್ಯಾ ಆ ಯಂತ್ರವನ್ನೇ ನೋಡುತ್ತ ನಿಂತಳು. ಬೇಡ ಎಂದರೆ ಬಾಯಿಗೆ ಬಟ್ಟೆ. ಮುಂದಿನ ಸಲ ತಂಬಿಗೆ ನೀರಿಗೆ ಎಚ್ಚರವಾಗುತ್ತದೆ ಎಂದು ಯಾರು ಬರೆದುಕೊಟ್ಟಿದ್ದಾರೆ? ಹೂಂ ಎಂದರೆ ಉಸಿರಾದರೂ ಇರುತ್ತದೆ, ಆದರೆ ಅರ್ಧ ತಾಸು ಒಂದೇ ಸವನೆ. ಹಳೆಯ ಮಿಕ್ಸಿ ಬಿಸಿಯಾಗುತ್ತದೆ ಎಂದು ಅವನೇ ನಡುನಡುವೆ ನಿಲ್ಲಿಸುತ್ತಿದ್ದ. ಆಗ ಅವಳಿಗೂ ಅಷ್ಟು ಬಿಡುವು ಸಿಗುತ್ತಿತ್ತು. ಇದಕ್ಕೆ ಆ ದಾಕ್ಷಿಣ್ಯವೂ ಇಲ್ಲ. ಸಾಯುವುದು ಎರಡರಲ್ಲೂ ಇತ್ತು, ಬೇಗನೆಯೋ ನಿಧಾನವೋ ಎನ್ನುವುದಷ್ಟೇ ಅವಳ ಆಯ್ಕೆ.

ಮೊಹಸಿನ ಗಿರಾಕಿ ಅನುಮಾನ ಮಾಡುತ್ತಿದ್ದಾಳೆ ಎಂದುಕೊಂಡ. "ಗಟ್ಟಿ ಐತ್ರಿ ಅಕ್ಕಾ, ಅಂಜಬ್ಯಾಡ್ರಿ" ಎಂದು ಜಾರನ್ನು ತಲೆಯೆತ್ತರಕ್ಕೆ ಎತ್ತಿ ನೆಲಕ್ಕೆ ಬಿಟ್ಟ. ಧಡ್ ಎಂದಿತು. ನೆಲದ ಫರಸಿಕಲ್ಲಿನ ಮೂಲೆ ಚಕ್ಕೆ ಎದ್ದಿತು, ಜಾರಿಗೆ ಒಂದು ಗೀರೂ ಬೀಳಲಿಲ್ಲ. "ಇದು ಗಾಜಲ್ರಿ. ತಳಕ್ಕ ಉಕ್ಕು ಐತಿ. ಮತ್ತ ಇನ್ನೊಂದು ತೋರಸ್ತೀನಿ, ಮನ್ಯಾಗ ಸಣ್ಣ ಹುಡುಗೂರಿದ್ರ ಇದು ಭಾಳ ಚಲೋ."

ಯಂತ್ರವನ್ನು ಮತ್ತೆ ಚಾಲೂ ಮಾಡಿ, ಅದು ಭರ್ರೋ ಎಂದು ಒದರುತ್ತಿರುವಾಗಲೇ ಜಾರನ್ನು ಮೇಲೆತ್ತಿದ. ಸಪ್ಪಳ ಕತ್ತರಿಸಿದ ಹಾಗೆ ನಿಂತಿತು.

ಸೌಂದರ್ಯಾ ತಲೆಯೆತ್ತಿದಳು.

"ಸ್ವಿಚ್ಚು ಒತ್ತಬೇಕಿಲ್ಲೇನು?"

"ಏನೂ ಒತ್ತೂದು ಬ್ಯಾಡ್ರಿ. ಜಾರು ಕುಂಡ್ರೂ ಜಾಗಾದಾಗ ಇದ್ರಷ್ಟ ತಿರಗತೈತಿ. ಎತ್ತಿದ್ರ ಬಂದ್. ತಿರಗಿ ಇಟ್ರೂ ಚಾಲೂ ಆಗಂಗಿಲ್ಲ; ಗುಂಡಿ ಹಿಂದ ತಂದು, ಮತ್ತ ಮುಂದ ತಿರುವಬೇಕು. ಎಷ್ಟೋ ಮಂದಿಗೆ ಇದು ಗೊತ್ತಾಗಂಗಿಲ್ಲ, ಕೆಟ್ಟೈತಿ ಅಂತ ಎತ್ಗೊಂಡ್ ಬಂದಬಿಡ್ತಾರ" ಎಂದು ಮೊಹಸಿನ ನಕ್ಕ.

"ನಾ ಒಮ್ಮೆ ಎತ್ಲಿ?" ಎಂದು ಕೇಳಿದಳು.

ಎತ್ತಿದಳು. ಭಾರ ಕೈಗೆ ಹಿತವಾಗಿತ್ತು. ಹಿಡಿ ದಪ್ಪಗೆ, ಅಂಗೈ ತುಂಬುವಂತಿತ್ತು. ಇನ್ನೊಮ್ಮೆ ಇಟ್ಟು, ಮತ್ತೆ ಎತ್ತಿದಳು. ಮೊಹಸಿನನಿಗೆ ಹೆಂಗಸಿನ ಪರೀಕ್ಷೆ ನೋಡಿ ಮೆಚ್ಚುಗೆಯಾಯಿತು.

ಸುನಿಲಕುಮಾರ ಫೋನು ಕಿಸೆಗಿಟ್ಟು ಒಳಗೆ ಬಂದ. "ಏನಂತಿ?"

"ತಗೊಳ್ರಿ" ಎಂದಳು ಸೌಂದರ್ಯಾ. "ಇದ ಇರ್ಲಿ."

ಮದುವೆಯಾದಾಗಿನಿಂದ ಹೆಂಡತಿ ಇಷ್ಟು ಸಲೀಸಾಗಿ ಮಾತು ಕೇಳಿದ್ದು ಅವನಿಗೆ ನೆನಪಿರಲಿಲ್ಲ. ಅವಳ ಭುಜದ ಮೇಲೆ ಕೈಯಿಟ್ಟ. ಅಮೀನಬಿ ಇನ್ನೊಮ್ಮೆ ನಿಟ್ಟುಸಿರು ಬಿಟ್ಟಳು.

ಆಟೋದಿಂದ ಆ ಪೆಟ್ಟಿಗೆ ಇಳಿದಾಗ ಓಣಿ ಬಾಗಿಲಿಗೆ ಬಂತು. ಬೆಲೆ ಕೇಳಿದ ಗವಿಸಿದ್ದಪ್ಪನ ಬಾಯಿಂದ ಎಲೆಯ ಚೂರು ಉದುರಿತು. "ಎಷ್ಟಾತೂ ಚಟ್ನಿ ಅರಿಯೂದು. ಅಷ್ಟ ರೊಕ್ಕಾ ಕೊಟ್ಟು ತರೂ ಹಂಗ ಐತೇನವಾ ಅದು?" ಎಂದ. ಸೌಂದರ್ಯಾ ಉತ್ತರ ಕೊಡದೆ ಒಳಗೆ ಹೋದಳು. ಹುಚ್ಚವ್ವನ ಮಗ್ಗ ಖಟಕ್ ಪಟಕ್ ನಡೆದೇ ಇತ್ತು.

ಅವನು ಆ ದಿನವೇ ಪರೀಕ್ಷೆ ಮಾಡುತ್ತಾನೆ ಎಂದು ಅವಳಿಗೆ ಗೊತ್ತಿತ್ತು. ಹೊಸ ಚಪ್ಪಲಿ ತಂದವರು ಒಮ್ಮೆ ಹಾಕಿಕೊಂಡು ಓಣಿ ಸುತ್ತುವುದಿಲ್ಲವೇ? ಮಧ್ಯಾಹ್ನದ ಊಟಕ್ಕೆ ಕುಳಿತ. ರೊಟ್ಟಿ ಮುರಿದು ಒಂದು ತುತ್ತು ಬಾಯಿಗಿಟ್ಟ. ತಾಟು ಗೋಡೆಗೆ ಬಡಿಯಿತು.

"ರೊಟ್ಟಿ ಅಂತಾರೇನ್ಲೇ ಇದಕ್ಕ?"

ಕಾರಣ ರೊಟ್ಟಿಯಲ್ಲ, ಯಂತ್ರ ಎಂದು ಇಬ್ಬರಿಗೂ ತಿಳಿದಿತ್ತು. ಅವನು ಅಗಳಿ ಹಾಕಿದ. ಅಡುಗೆಕಟ್ಟೆಯ ಮೇಲಿದ್ದ ಯಂತ್ರಕ್ಕೆ ಖಾಲಿ ಜಾರು ಏರಿಸಿ, ಗೋಡೆಯ ಸ್ವಿಚ್ಚು ಒತ್ತಿ, ಗುಂಡಿಯನ್ನು ತುದಿಯವರೆಗೆ ತಿರುವಿದ. ಮಾಡಿನ ಹಂಚು ನಡುಗಿದವು. ಬಸಿಯಲ್ಲಿದ್ದ ಚಮಚ ತಾನೇ ಕುಣಿದು ಕೆಳಗೆ ಬಿತ್ತು. ಅದರ ಸಪ್ಪಳವೂ ಕೇಳಿಸಲಿಲ್ಲ.

ಮೊದಲ ಏಟು ಕಿವಿಯ ಮೇಲೆ ಬಿತ್ತು. ಗೋಡೆ ಹಿಡಿಯಲು ಹೋದ ಅವಳನ್ನು ಹೆರಳು ಹಿಡಿದು ತಿರುಗಿಸಿ ಹೊಟ್ಟೆಗೆ ಒದ್ದ. ಕೆಳಗೆ ಬಿದ್ದ ಮೇಲೆ ಬೆನ್ನಿಗೆ, ಪಕ್ಕೆಗೆ, ತೊಡೆಗೆ. ಈ ಸಲ ಅವನಿಗೆ ಅವಸರವಿರಲಿಲ್ಲ. ಅರ್ಧ ತಾಸಿನ ಭರವಸೆ ಇತ್ತಲ್ಲ. ಹಳೆಯ ಚಟದಂತೆ ಸ್ವಿಚ್ಚಿಗೆ ಬೆನ್ನು ಕೊಟ್ಟು ನಿಲ್ಲುವನು, ಎರಡು ಹೆಜ್ಜೆ ಮುಂದೆ ಬಂದು ಒದೆಯುವನು, ಮತ್ತೆ ಹಿಂದೆ ಸರಿದು ಸ್ವಿಚ್ಚು ಕಾಯುವನು. ಸೌಂದರ್ಯಾಳ ಪಕ್ಕೆಯೊಳಗೆ ಏನೋ ಲಟಕ್ಕೆಂದಿತು. ಬಾಯಲ್ಲಿ ಉಪ್ಪುಪ್ಪು ರಕ್ತ. ಅವಳು ಸ್ವಿಚ್ಚಿನ ಕಡೆ ನೋಡಲಿಲ್ಲ. ಅಂಬೆಗಾಲಿಕ್ಕಿ ಕಟ್ಟೆಯ ಇನ್ನೊಂದು ತುದಿಗೆ ಹೊರಟಳು.

ಅವನು ಬಿಟ್ಟ. ಕಟ್ಟೆಯಡಿಯ ಮೂಲೆಗೆ ಸೇರಿಕೊಂಡರೆ ಒದೆಯುವುದು ಸುಲಭ ಎಂದು ಬಿಟ್ಟ.

ಕಟ್ಟೆ ಹಿಡಿದು ಮೊಣಕಾಲ ಮೇಲೆ ಎದ್ದಳು. ಎದ್ದು ನಿಂತಳು. ಎರಡೂ ಕೈಯಿಂದ ಹಿಡಿ ಹಿಡಿದು ಜಾರನ್ನು ಮೇಲೆತ್ತಿದಳು.

ಸಪ್ಪಳ ನಿಂತಿತು. ಆ ಮೌನದಲ್ಲಿ ಅವನ ಏದುಸಿರು ಅವನಿಗೇ ಕೇಳಿಸಿತು. ಗೋಡೆಯಾಚೆ ಹುಚ್ಚವ್ವನ ಮಗ್ಗ ಖಟಕ್ ಎಂದಿತು, ಪಟಕ್ ಎನ್ನಲಿಲ್ಲ.

"ಏನ್ ಮಾಡಿದ್ಲೇ?" ಎಂದು ಸುನಿಲಕುಮಾರ ಪಿಸುಗುಟ್ಟಿದ. ಸಪ್ಪಳವಿಲ್ಲದಿದ್ದರೆ ಅವನ ದನಿಯೂ ಸಣ್ಣದೇ. "ಹದಿನೆಂಟು ಸಾವಿರದ್ದು... ಕೆಡಿಸಿದ್ಯಾ?"

ಅವಳನ್ನು ಪಕ್ಕಕ್ಕೆ ನೂಕಿ ಯಂತ್ರದ ಮೇಲೆ ಬಗ್ಗಿದ. ಗುಂಡಿ ತುದಿಯಲ್ಲೇ ಇತ್ತು. ಅದನ್ನು ಇನ್ನೂ ಮುಂದಕ್ಕೆ ಒತ್ತಿದ, ಬುಡಕ್ಕೆ ಅಂಗೈಯಿಂದ ಬಡಿದ, ಗೋಡೆಯ ಸ್ವಿಚ್ಚು ಟಕಟಕ ಮಾಡಿದ. ಯಂತ್ರ ಮಿಸುಕಲಿಲ್ಲ. ಹೆಂಡತಿಯ ಕಡೆ ಅವನು ತಿರುಗಿಯೂ ನೋಡಲಿಲ್ಲ. ಅವಳಿಂದ ಏನಾದೀತು ಎಂಬ ಧೈರ್ಯ.

ಸೌಂದರ್ಯಾ ಜಾರನ್ನು ತಲೆಯ ಮೇಲಕ್ಕೆತ್ತಿ ಬೀಸಿದಳು.

ತಳದ ಉಕ್ಕು ದವಡೆಗೆ ತಾಗಿತು. ಒಣ ಕಟ್ಟಿಗೆ ಮುರಿದ ಸದ್ದು ಬಂತು. ಅವನು ತಿರುಗಿದ, ಬಾಯಿ ಒಂದು ಕಡೆಗೆ ಜೋತಿತ್ತು, ಕಣ್ಣಲ್ಲಿ ಇನ್ನೂ ಆಶ್ಚರ್ಯವೇ ಇತ್ತು. ಎರಡನೆಯದು ಬಾಯಿಯ ಮೇಲೆ. ಹಲ್ಲು ಕಟ್ಟೆಯ ಮೇಲೆ ಉದುರಿ ಕೆಳಗೆ ಹೊರಳಿದವು. ಅಡ್ಡ ತಂದ ಕೈಯ ಮೇಲೆ ಮೂರನೆಯದು. ಅವನು ಚೀರಿದ. ಆ ಓಣಿಯಲ್ಲಿ ಅಂಥ ಚೀರು ಮುಚ್ಚುಮರೆಯಿಲ್ಲದೆ ಕೇಳಿಸಿದ್ದು ಅದೇ ಮೊದಲು, ಅದೂ ಗಂಡಸಿನದು. ಅವನು ಗೋಡೆಗುಂಟ ಜಾರಿ ಕುಳಿತ. ಅವಳು ಮತ್ತೆ ಎತ್ತಿದಳು. ಇನ್ನೊಂದು ಹಾಕಿದ್ದರೆ ಸಾಯುತ್ತಿದ್ದ. ಹಾಕಬೇಕು ಎಂದು ಅವಳಿಗೆ ಖಂಡಿತ ಅನ್ನಿಸಿತು. ಅವನು ಎರಡೂ ಕೈ ಮೋರೆಗೆ ಅಡ್ಡ ಹಿಡಿದುಕೊಂಡಿದ್ದ, ಥೇಟು ಅವಳು ಹಿಡಿದುಕೊಳ್ಳುತ್ತಿದ್ದ ಹಾಗೆ.

ಆಗ ಗೋಡೆಯಾಚೆಯಿಂದ ಕೂಗು ಬಂತು.

"ಯಾಕ ನಿಂತಿತವಾ?"

ಸೌಂದರ್ಯಾ ಉತ್ತರ ಕೊಡಲಿಲ್ಲ. ಎತ್ತಿದ ಕೈ ನಿಧಾನವಾಗಿ ಇಳಿಯಿತು. ಹುಚ್ಚವ್ವ ಎರಡನೆಯ ಸಲ ಕೂಗಿದಳು. ಆಮೇಲೆ ಆಕೆ ಕುಣಿಯಿಂದೆದ್ದು ಬರುವ ಹೆಜ್ಜೆ, ಅದರ ಹಿಂದೆ ಇನ್ನಷ್ಟು ಹೆಜ್ಜೆ. ಬಾಗಿಲು ದಬದಬ ಬಡಿಯಿತು. ಸೌಂದರ್ಯಾ ಪಕ್ಕೆ ಒತ್ತಿಹಿಡಿದು ಹೋಗಿ ಅಗಳಿ ತೆಗೆದಳು.

ಮುಂದೆ ಹುಚ್ಚವ್ವ, ಹಿಂದೆ ಗವಿಸಿದ್ದಪ್ಪ, ಅವರ ಹಿಂದೆ ಅರ್ಧ ಓಣಿ. ಅವಳ ಒಡೆದ ಮೋರೆ ನೋಡಿದರು, ಕೈಯಲ್ಲಿದ್ದ ರಕ್ತದ ಜಾರು ನೋಡಿದರು, ಅಡುಗೆಮನೆಯಲ್ಲಿ ಕುಸಿದು ಕುಳಿತವನನ್ನು ನೋಡಿದರು. ಸುನಿಲಕುಮಾರ ಮುರಿದ ದವಡೆಯಿಂದಲೇ ತೊದಲಿದ.

"ಹೊದದ್ಲು... ಕೊಲ್ತಾಲ ನನ್ನ... ನಾ ಚೀರಿದ್ದು ನೀವೆಲ್ಲಾ ಕೇಲೀರಿ... ಸಾಕ್ಷಿ ಹೇಲ್ರಿ..."

ಗವಿಸಿದ್ದಪ್ಪ ಹುಚ್ಚವ್ವನ ಮೋರೆ ನೋಡಿದ. ಹುಚ್ಚವ್ವ ಸೆರಗಿನಿಂದ ಮೋರೆ ಒರೆಸಿಕೊಂಡು, ಸುನಿಲಕುಮಾರನಿಗೆ ಹೇಳಿದಳು:

"ಮಿಕ್ಸಿ ಸಪ್ಪಳದಾಗ ನಮಗೇನೂ ಕೇಳಸ್ಲಿಲ್ಲಪಾ."

ತನಗೆ ಉಪಕಾರ ಮಾಡಲೆಂದೇ ಹೇಳಿದ ಮಾತು ಅದು ಎಂದು ಸೌಂದರ್ಯಾಳಿಗೆ ತಿಳಿಯಿತು. ತಿಳಿದೂ ಅವಳ ಮೈ ಉರಿದುಹೋಯಿತು. ಇದೇ ಮಾತು, ಇದೇ ಬಾಯಿ. ಎರಡು ವರ್ಷದ ಏಟು ಅವಳ ಎದೆಗೆ ಒಮ್ಮೆಲೇ ಬಂದು ನಿಂತವು.

"ಸಪ್ಪಳ ಎಲ್ಲಿತ್ರಿ? ನಿಂತಿತ್ತು. ನಿಂತದ್ದಕ್ಕ ಬಂದೀರಿ" ಎಂದಳು. "ನನಗ ಖರೆ ಹೇಳ್ರಿ ಹುಚ್ಚವ್ವ. ಆವಾಗ ಕೇಳಸ್ತಿದ್ದಿಲ್ಲೇನು? ಒಮ್ಮೆಯಾದ್ರೂ?"

ಹುಚ್ಚವ್ವ ನೆಲ ನೋಡಿದಳು. ಹಿಂದೆ ನಿಂತವರೂ ನೆಲ ನೋಡಿದರು. ಕಟ್ಟೆಯಡಿಯಲ್ಲಿ ಸುನಿಲಕುಮಾರ ನರಳುತ್ತಿದ್ದ.

"ಕೇಳಸ್ತಿತ್ತವಾ" ಎಂದಳು ಮುದುಕಿ. "ಬನಶಂಕರೆವ್ವಂದೂ ಕೇಳಸ್ತಿತ್ತು, ನಿಂದೂ ಕೇಳಸ್ತಿತ್ತು. ಎಲ್ಲಾ ಕೇಳಸ್ತಿತ್ತು."

ಸೌಂದರ್ಯಾ ಬಾಯಿ ತುಂಬಿದ್ದ ರಕ್ತವನ್ನು ಹೊಸ್ತಿಲಾಚೆ ಉಗುಳಿದಳು.

"ಹಂಗಾರ ಚಪ್ಪಲ ಮೆಟಗೋರಿ. ಪೊಲೀಸ್ ಠಾಣೇಕ ನಡೀರಿ. ಈಗ ಅಂದ್ರೆಲ್ಲಾ, ಅದನ್ನ ಅಲ್ಲೆ ಅನ್ರಿ."

ಹುಚ್ಚವ್ವ ಚಪ್ಪಲಿ ಹುಡುಕಲಿಲ್ಲ, ಬರಿಗಾಲಲ್ಲೇ ಮೆಟ್ಟಿಲಿಳಿದಳು. ಬಿದ್ದವನನ್ನು ದವಾಖಾನೆಗೆ ಒಯ್ಯಲು ಯಾರೋ ಆಟೋ ಕರೆಯಲು ಓಡಿದರು. ಸೌಂದರ್ಯಾ ಸೆರಗು ಸರಿಮಾಡಿಕೊಂಡು ಹೊರಟಾಗ ಗವಿಸಿದ್ದಪ್ಪ ದಾರಿಗಡ್ಡ ನಿಂತು ಜಾರನ್ನೇ ನೋಡುತ್ತಿದ್ದ. ಅವನ ಬಾಯಲ್ಲಿ ಎಲೆ ಇದ್ದದ್ದು ಅವನಿಗೇ ಮರೆತಿತ್ತು.

"ಕೇಳಿದ್ರೆಲ್ಲಾ ಕಾಕಾ" ಎಂದಳು. "ಅಷ್ಟ ರೊಕ್ಕಾ ಕೊಟ್ಟು ತರೂ ಹಂಗ ಐತ್ರಿ."

ಅವನು ಪಕ್ಕಕ್ಕೆ ಸರಿದ. ಅವಳು ಜಾರನ್ನು ಕೈಯಲ್ಲಿ ಹಿಡಿದುಕೊಂಡೇ ಓಣಿಗೆ ಇಳಿದಳು.